ಹೆದರಿದ ಬೆಕ್ಕು ಓಡುವ ಕಡೆ

ನಾನು ಧೈರ್ಯವಂತೆ ಅಂತ ಯಾರಾದರೂ ನಿಮಗೆ ಹೇಳಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ. ನಾನು ಹುಟ್ಟು ಪುಕ್ಕಲಿ. ಜಿರಳೆ ಕಂಡರೆ ಮಂಚ ಹತ್ತುತ್ತಿದ್ದವಳು. ಅಂಥವಳು ಕೋಲಾರದ ಹೊರಗೆ ಇರುವ ಪ್ರಾಣಿಗಳ ಆಶ್ರಯಧಾಮದಲ್ಲಿ ಬೆಕ್ಕಿನ ಕೋಣೆ ನೋಡಿಕೊಂಡು ಇಷ್ಟು ವರ್ಷ ಹೇಗೆ ಬಾಳಿದೆ ಅಂದರೆ, ಹೆದರಿಕೊಂಡೇ ಬಾಳಿದೆ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೀನಿ. ನನ್ನ ಜಾಗಕ್ಕೆ ಹೊಸಬರು ಇಬ್ಬರು ಬಂದಿದ್ದಾರಂತೆ. ಪಂಜರ ತೊಳೆಯೋದು, ಊಟ ಹಾಕೋದು, ಚುಚ್ಚುಮದ್ದು ಕೊಡಿಸೋದು ಇವನ್ನೆಲ್ಲ ಅವರಿಗೆ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಹೆದರಿಕೆಯ ವಿಷಯ ಯಾರೂ ಹೇಳಿಕೊಡಲ್ಲ. ಅದನ್ನು ನಾನು ಹೇಳ್ತೀನಿ.

ನಾನು ಸೇರಿದ ಹೊಸದರಲ್ಲಿ ಬೆಕ್ಕು ಹಿಡಿಯೋದು ಅಂದರೆ ಗೋಣಿಚೀಲ. ಬೇರೆ ವಿದ್ಯೆಯೇ ಇರಲಿಲ್ಲ. ನಮ್ಮ ಊರುಗಳ ಕಡೆ ಬೆಕ್ಕು ಬೇಡವಾದರೆ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ವಾಪಸ್ ದಾರಿ ಗೊತ್ತಾಗಬಾರದು ಅಂತ ಚೀಲವನ್ನು ಗಿರಗಿರ ತಿರುಗಿಸಿ, ಕೆರೆ ದಾಟಿಸಿ ಬಿಟ್ಟು ಬರುತ್ತಾರೆ. ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ಕೊಟ್ಟರೂ ಪಾಪ ತೀರಲ್ಲ ಅನ್ನೋ ಭಯ ಇದೆಯಲ್ಲ, ಅದಕ್ಕೆ ಕೊಲ್ಲಲ್ಲ. ತಿರುಗಿಸಿ ಬಿಡುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟು ಹೀಗೆ ಚೀಲ ಕಂಡವೇ. ಅವನ್ನು ನಾವು ಮತ್ತೆ ಚೀಲದಲ್ಲೇ ಹಿಡಿಯುತ್ತಿದ್ದೆವು.

ನಮ್ಮ ಮೇಲಿನವರು ರಾಮಲಿಂಗಯ್ಯ ಡಾಕ್ಟ್ರು. ಜೀವಮಾನವೆಲ್ಲ ದನ ಎಮ್ಮೆ ನೋಡಿ, ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು. ಬಾಯಿ ಜೋರು. ನಾನು ಚೀಲ ಹಿಡಿದು ನಡುಗುತ್ತಾ ನಿಂತರೆ, "ಲೇ ಸರೋಜಾ, ನೀನು ಬೆಕ್ಕು ಹಿಡೀತಿದೀಯೋ, ಬೆಕ್ಕು ನಿನ್ನ ಹಿಡೀತಿದೆಯೋ?" ಅನ್ನುತ್ತಿದ್ದರು. ಚೀಲ ಎಸೆಯೋ ವರಸೆ ಕಲಿಸಿದವರೂ ಅವರೇ. ಒಂದು ದಿನ ಚೀಲದಲ್ಲಿ ತಂದ ಬೆಕ್ಕೊಂದು ಮೇಜಿನ ಮೇಲೆ ಬಿಚ್ಚುವ ಹೊತ್ತಿಗೆ ಸತ್ತಿತ್ತು. ಗಾಯವಿಲ್ಲ, ಕಾಯಿಲೆಯಿಲ್ಲ. ಡಾಕ್ಟ್ರು ಅದರ ಎದೆ ಒತ್ತಿ ನೋಡಿದರು, ಬಾಯಿ ಬಿಡಿಸಿ ನೋಡಿದರು. ಕೊನೆಗೆ, "ಹೆದರಿ ಸತ್ತಿದೆ ಕಣೇ" ಅಂದರು. ಅವತ್ತೇ ಧಾಮದಲ್ಲಿದ್ದ ಚೀಲಗಳನ್ನೆಲ್ಲ ಹಿತ್ತಲಿಗೆ ಒಯ್ದು ತಾವೇ ಬೆಂಕಿ ಹಾಕಿದರು. ಆಮೇಲೆ ಬೆತ್ತದ ಬುಟ್ಟಿ ಬಂತು, ಬುಟ್ಟಿಯೊಳಗೆ ಹಳೇ ಟವಲ್ಲು ಬಂತು, ಬುಟ್ಟಿ ಮುಂದೆ ಕೂತು ಕಾಯೋ ಕೆಲಸ ಬಂತು. ಬೆಕ್ಕು ತಾನಾಗಿ ಒಳಗೆ ಹೋಗೋವರೆಗೆ ಕಾಯಬೇಕು. ಬೆಳಗ್ಗೆ ಕೂತರೆ ಊಟದ ಹೊತ್ತಾದರೂ ಆಯ್ತು. ನೋಡಿದವರು ಇವಳಿಗೆ ಸಂಬಳ ಯಾಕೆ ಕೊಡ್ತಾರೆ ಅಂತ ನಗುತ್ತಿದ್ದರು. ನಗಲಿ ಬಿಡಿ, ನಾನು ಕಲಿತ ವಿದ್ಯೆ ಅಂದರೆ ಅದೊಂದೇ.

ಮಾಲೂರಿನ ಬೆಕ್ಕಿನ ಕತೆಯನ್ನೂ ಇಲ್ಲೇ ಹೇಳಬೇಕು. ಮಾಲೂರಿನ ಹೊಸ ಬಡಾವಣೆಯ ಗಂಡ ಹೆಂಡತಿ, ಒಳ್ಳೇ ಜನ, ನಮ್ಮಲ್ಲಿಂದ ಒಂದು ದೊಡ್ಡ ಬಿಳೀ ಬೆಕ್ಕು ತೆಗೆದುಕೊಂಡು ಹೋದರು. ದಿನಾ ಫೋನಿಗೆ ವೀಡಿಯೊ ಬರೋದು. ಬೆಕ್ಕು ಉಣ್ಣುತ್ತಿದೆ, ಬೆಕ್ಕು ಸೋಫಾ ಮೇಲೆ ಮಲಗಿದೆ, ಬೆಕ್ಕು ಗುರುಗುಟ್ಟುತ್ತಿದೆ. ನಾನು ಹಿಗ್ಗಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ದೀಪಾವಳಿ ಬಂತು. ಪಕ್ಕದ ಮನೆಯವರು ಸಂಜೆ ಪಟಾಕಿ ಹಚ್ಚಿದರು. ಬೆಕ್ಕು ಸೋಫಾದಿಂದ ಹಾರಿ, ತೆರೆದ ಬಾಗಿಲಲ್ಲಿ ಹೊರಗೆ ಓಡಿ, ಗೇಟು ದಾಟಿ ಹೋಯ್ತು. ಮತ್ತೆ ಸಿಗಲೇ ಇಲ್ಲ. ಆ ಹೆಂಗಸು ಫೋನಿನಲ್ಲಿ ಅಳುತ್ತಾ, "ಅಷ್ಟು ಚೆನ್ನಾಗಿ ಊಟ ಮಾಡ್ತಿತ್ತಲ್ಲಮ್ಮಾ" ಅಂದಳು. ನನಗೂ ಅದೇ ಅರ್ಥವಾಗಲಿಲ್ಲ.

ಡಾಕ್ಟ್ರಿಗೆ ಹೇಳಿದೆ. ಅವರು ನಶ್ಯದ ಡಬ್ಬಿ ಮುಚ್ಚಿ, "ಊಟ ಮಾಡುತ್ತಾ ಅಂತ ಕೇಳಬೇಡ, ಮಲಗುತ್ತಾ ಅಂತ ಕೇಳಬೇಡ. ಹೋಟೆಲಲ್ಲಿ ನಾವೂ ಊಟ ಮಾಡ್ತೀವಿ, ಮಲಗ್ತೀವಿ. ಹೆದರಿದಾಗ ಯಾವ ಕಡೆ ಓಡುತ್ತೆ ಅಂತ ಕೇಳು. ಅದೇ ಅದರ ಮನೆ" ಅಂದರು. ಅವರು ಬೈದದ್ದೆಲ್ಲ ಮರೆತಿದ್ದೀನಿ, ಈ ಮಾತು ಮರೆತಿಲ್ಲ.

ಇನ್ನು ಬೆಲ್ಲದ ವಿಷಯ. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕೋಸ್ಕರವೇ.

ಮುಳಬಾಗಿಲು ಪೇಟೆಯಲ್ಲಿ ರಸ್ತೆ ಅಗಲ ಮಾಡೋಕೆ ಒಂದು ಹಳೇ ದಿನಸಿ ಅಂಗಡಿ ಒಡೆದರು. ಅಂಗಡಿಯಲ್ಲೇ ಬೆಳೆದಿದ್ದ ಬೂದು ಪಟ್ಟೆಯ ಹೆಣ್ಣು ಬೆಕ್ಕೊಂದು ಒಡೆದ ಗೋಡೆ ಬಿಟ್ಟು ಹೋಗಲಿಲ್ಲವಂತೆ. ಕೂಲಿಯವರು ಅದನ್ನು ಬೆಲ್ಲದ ಚೀಲದಲ್ಲಿ ತುಂಬಿ, ಯಾರದೋ ಟೆಂಪೋದಲ್ಲಿ ನಮ್ಮಲ್ಲಿಗೆ ಕಳಿಸಿದರು. ಚೀಲ ಬಿಚ್ಚಿದಾಗ ಅದರ ಮೈತುಂಬ ಬೆಲ್ಲ ಅಂಟಿ, ಇರುವೆ ಮುತ್ತಿದ್ದವು. ಅದಕ್ಕೇ ಬೆಲ್ಲ ಅಂತ ಹೆಸರಾಯ್ತು. ಒರೆಸೋಕೆ ಅಂತ ಕೈಹಾಕಿದೆ. ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು ನೋಡಿ, ಹಲ್ಲು ಎಲುಬಿಗೆ ತಾಗಿದ್ದು ನನಗೆ ಗೊತ್ತಾಯ್ತು.

ಸೋಪು ಹಾಕಿ ನಲ್ಲಿ ಕೆಳಗೆ ಕೈ ಹಿಡಿದು ತೊಳೆದೆ, ಆಸ್ಪತ್ರೆಗೆ ಓಡಿದೆ, ಸೂಜಿಗಳನ್ನು ಒಂದೂ ಬಿಡದೆ ಹಾಕಿಸಿಕೊಂಡೆ. ನೀವೂ ಅಷ್ಟೇ ಮಾಡಿ, ಅರಿಶಿನ ಮೆತ್ತಿಕೊಂಡು ಕೂರಬೇಡಿ. ಆದರೆ ಸೂಜಿ ಹಾಕಿದರೆ ಭಯ ಹೋಗುತ್ತಾ? ನಾಯಿ ಬೆಕ್ಕು ಕಚ್ಚಿ ಹುಚ್ಚು ಹಿಡಿದವರು ನೀರು ಕಂಡರೆ ಹೆದರುತ್ತಾರೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಬೆಳಗ್ಗೆ ಎದ್ದ ತಕ್ಷಣ ಒಂದು ಲೋಟ ನೀರು ಬಗ್ಗಿಸಿ ಮುಂದೆ ಇಟ್ಟುಕೊಂಡು ನೋಡೋದು. ನೋಡಿ, ಕುಡಿದು, ಗಂಟಲಲ್ಲಿ ಇಳಿದ ಮೇಲೆ ಸ್ಟವ್ ಹಚ್ಚೋದು. ನನ್ನ ಯಜಮಾನರು ಕೃಷ್ಣಪ್ಪ, "ನಿನ್ನ ಕಂಡ್ರೆ ನೀರೇ ಹೆದರ್ಕೋಬೇಕು ಕಣೇ" ಅಂತ ರೇಗಿಸಿದರು. ನಗು ಬರಲಿಲ್ಲ. ನನಗೆ ಹುಚ್ಚು ಬರೋದಾದರೆ ಕಚ್ಚಿದ ಬೆಕ್ಕಿಗೆ ಮೊದಲೇ ಬಂದಿರಬೇಕಲ್ಲ ಅಂತ ದಿನಾ ಅದರ ಪಂಜರದ ಮುಂದೆ ಹೋಗಿ ಕೂತು ನೋಡುತ್ತಿದ್ದೆ. ಅದೂ ಮೂಲೆಯಲ್ಲಿ ಮುದುರಿ ನನ್ನನ್ನೇ ನೋಡುತ್ತಿತ್ತು. ಅದಕ್ಕೆ ನನ್ನ ಭಯ, ನನಗೆ ಅದರ ಭಯ. ಹಾಗೆ ಕೂತೂ ಕೂತೂ ಒಂದು ದಿನ ಅದು ಎದ್ದು ಬಂದು ನನ್ನ ಮಡಿಲಲ್ಲಿ ಮಲಗಿತು. ನಾನು ಅಳ್ಳಾಡದೆ ಕೂತಿದ್ದೆ, ಕಾಲು ಜೋಮು ಹಿಡಿದರೂ ಏಳಲಿಲ್ಲ.

ಅವತ್ತಿನಿಂದ ಬೆಲ್ಲ ನನ್ನದು, ನಾನು ಬೆಲ್ಲದವಳು. ಬೇರೆಯವರು ಊಟ ಇಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ. ನಾನು ಒಂದು ವಾರ ಮದುವೆಗೆ ಅಂತ ತಾಯಲೂರಿಗೆ ಹೋಗಿ ಬಂದರೆ ಬೆನ್ನ ಮೂಳೆ ಎಣಿಸುವ ಹಾಗಾಗಿತ್ತು. ಅಲ್ಲೇ ನನಗೆ ಭಯ ಹಿಡಿದದ್ದು. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ನಾನು ಹೋದ ಮೇಲೆ ಇದು ಉಪವಾಸ ಬಿದ್ದು ಸಾಯುತ್ತೆ. ಮನೆಗೆ ತರೋಣ ಅಂದರೆ ಕೃಷ್ಣಪ್ಪನವರಿಗೆ ಉಬ್ಬಸ. ನಾನು ಧಾಮದಿಂದ ಬಂದರೆ ಹಿತ್ತಲಲ್ಲಿ ಸೀರೆ ಬದಲಾಯಿಸಿ ಒಳಗೆ ಹೋಗಬೇಕು, ಒಂದು ಕೂದಲು ಗಾಳಿಗೆ ಹಾರಿದರೆ ಅವರಿಗೆ ಆಸ್ಪತ್ರೆ. ಹಾಗಾಗಿ ಅದಕ್ಕೊಂದು ಮನೆ ಹುಡುಕದೆ ನಾನು ಆ ಗೇಟು ದಾಟಬಾರದು ಅಂತ ನಿರ್ಧಾರ ಮಾಡಿದೆ.

ದೊಡ್ಡ ಬೆಕ್ಕು ಯಾರಿಗೂ ಬೇಡ. ಬಂದವರೆಲ್ಲ ಮರಿ ಕೇಳುತ್ತಾರೆ. ಈಗಿನವರು ಫೋನಿನಲ್ಲಿ ಫೋಟೋ ನೋಡಿಯೇ ಆರಿಸಿಕೊಂಡು ಬರುತ್ತಾರೆ, ಹುಡುಗಿ ನೋಡಿದ ಹಾಗೆ. ಬೆಲ್ಲದ ಫೋಟೋದಲ್ಲಿ ಬರೀ ಮೂಲೆ, ಮೂಲೆಯಲ್ಲಿ ಎರಡು ಕಣ್ಣು. ಶ್ರೀನಿವಾಸಪುರದಿಂದ ಮಾವಿನ ಮಂಡಿಯ ಸಾಹುಕಾರನೊಬ್ಬ ಬಂದ. ಗೋದಾಮಿಗೆ ಬೆಕ್ಕು ಬೇಕಂತೆ. ಬಂದವನೇ, "ಹಲ್ಲು ತೋರಿಸಿ, ಎಷ್ಟು ವಯಸ್ಸು?" ಅಂದ. "ಎತ್ತಲ್ಲಪ್ಪ ಇದು, ನೊಗಕ್ಕೆ ಕಟ್ಟಲ್ಲ" ಅಂದೆ. ಹಗಲೂ ಇರುಳೂ ಲಾರಿ ನುಗ್ಗೋ ಜಾಗ ಅದು. ಇಲ್ಲ ಅಂದು ಕಳಿಸಿದೆ. ಕಳಿಸಿದ ಮೇಲೆ, ಅಯ್ಯೋ, ಬಂದ ಒಬ್ಬನನ್ನೂ ಓಡಿಸಿದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಆಮೇಲೆ ವೆಂಕಟಮ್ಮ ಬಂದರು. ಹುತ್ತೂರು ಕಡೆಯ ಹಳ್ಳಿಯವರು, ಗಂಡ ನಾರಾಯಣಪ್ಪ, ಇಬ್ಬರೂ ಸೇರಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಮೇಯಿಸುತ್ತಾರೆ. ಇಲಿಗಳು ಹುಳು ತಿಂದು ಹೋಗುತ್ತವೆ, ಗೂಡು ಕಡಿದು ಹೋಗುತ್ತವೆ, ಮನೆಯ ಹಳೇ ಬೆಕ್ಕು ಹೋದ ಮೇಲೆ ತಡೆಯೋಕಾಗುತ್ತಿಲ್ಲ ಅಂದರು. "ಮರಿ ಬೇಡಕ್ಕಾ, ಮರಿ ಬೆಳೆದು ಇಲಿ ಕಲಿಯೋ ಹೊತ್ತಿಗೆ ನಾನು ಮುದುಕಿ ಆಗ್ತೀನಿ. ದೊಡ್ಡ ಪಿಲ್ಲಿನೇ ಕೊಡಿ." ಅವರ ಮನೆಮಾತು ತೆಲುಗು, ಬೆಕ್ಕಿಗೆ ಪಿಲ್ಲಿ ಅಂತಲೇ ಅನ್ನೋದು. ಬೆಲ್ಲದ ಪಂಜರದ ಮುಂದೆ ಕೂತರು. ಕೈ ಹಾಕಲಿಲ್ಲ, ಕರೆಯಲಿಲ್ಲ. ತೆಲುಗಿನಲ್ಲಿ ತಮ್ಮ ಪಾಡಿಗೆ ಏನೋ ಮನೆ ವಿಷಯ ಹೇಳಿಕೊಳ್ಳುತ್ತಾ ಕೂತರು. ಹುಳು ಮೇಯಿಸುವವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸ, ಹುಳು ಮನೆಯಲ್ಲಿ ಕೂಗಾಡಬಾರದಲ್ಲ. ಬೆಲ್ಲ ಕಿವಿ ನಿಮಿರಿಸಿ ಕೇಳುತ್ತಿತ್ತು. ನನಗೆ ಇವರೇ ಅನ್ನಿಸಿತು.

ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನಾನೇ ಕರೆದುಕೊಂಡು ಹೋದೆ. ಕಂಡಕ್ಟರ್ ಬುಟ್ಟಿಗೆ ಕಣ್ಣು ಹಾಕಿ, "ಏನಮ್ಮಾ, ಬೆಕ್ಕು ಅಡ್ಡ ಬಂದ್ರೆ ಬಸ್ ನಿಲ್ಲಿಸ್ತೀವಿ ನಾವು, ನೀವು ಒಳಗೇ ತಂದಿದ್ದೀರಾ?" ಅಂದ. "ಇದು ಅಡ್ಡ ಬಂದಿಲ್ಲ ಕಣಪ್ಪ, ಜೊತೆಗೇ ಬರ್ತಿದೆ" ಅಂದೆ. ಹಿಂದಿನ ಸೀಟಿನವರು ನಕ್ಕರು, ಅವನೂ ನಕ್ಕು ಸುಮ್ಮನಾದ. ದಾರಿಯುದ್ದಕ್ಕೂ ಬೆಲ್ಲದ ನಡುಕ ಬೆತ್ತದ ಮೂಲಕ ನನ್ನ ತೊಡೆಗೆ ತಾಗುತ್ತಿತ್ತು.

ವೆಂಕಟಮ್ಮನಿಗೆ ಹೇಳಿದೆ: ದೊಡ್ಡ ಬೆಕ್ಕನ್ನು ಹೊಸ ಮನೆಗೆ ತಂದ ತಕ್ಷಣ ಸುತ್ತ ಬಿಡಬಾರದು. ಒಂದೇ ಕೋಣೆ ಕೊಡಿ, ಖಾಲಿ ಇರಬೇಕು, ಸದ್ದು ಇರಬಾರದು, ಬಾಗಿಲು ಮುಚ್ಚಿರಬೇಕು. ಆ ಕೋಣೆ ತನ್ನದು ಅಂತ ಆದ ಮೇಲೆ ಉಳಿದ ಮನೆ. ಹೆದರಿದರೆ ಅದು ಗೊತ್ತಿರೋ ಕೋಣೆಗೇ ಹೋಗುತ್ತೆ. "ಅಷ್ಟೇ ತಾನೇ, ನಮ್ಮಲ್ಲಿ ಅಂಥ ಕೋಣೆ ಇದೆ" ಅಂದರು ವೆಂಕಟಮ್ಮ. ಇತ್ತು. ರೇಷ್ಮೆ ಬೆಳೆಯೋರ ಮನೆಯಲ್ಲಿ ಖಾಲಿ ಇರೋ, ಸದ್ದಿಲ್ಲದ, ಬಾಗಿಲು ಮುಚ್ಚಿರೋ ಕೋಣೆ ಅಂದರೆ ಒಂದೇ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಬರೋವರೆಗೆ ಖಾಲಿ ಬಿದ್ದಿರೋ ಹುಳು ಮನೆ. ಬೆಲ್ಲವನ್ನು ಅಲ್ಲಿ ಬಿಟ್ಟು ಬಂದೆ.

ಬೆಕ್ಕು ಕೊಟ್ಟ ಹದಿನೈದು ದಿನಕ್ಕೆ ಹೋಗಿ ನೋಡಿ ಬರೋದು ನಮ್ಮ ಪದ್ಧತಿ. ಫೋನಿನಲ್ಲಿ ವೆಂಕಟಮ್ಮ ದಿನಾ ಒಳ್ಳೇ ಸುದ್ದಿಯೇ ಹೇಳುತ್ತಿದ್ದರು. ಇಟ್ಟ ಅನ್ನ ರಾತ್ರಿ ಖಾಲಿ ಮಾಡುತ್ತೆ, ಸಂಜೆ ಹುಳು ಮನೆಯಲ್ಲಿ ಕೂತು ಬಿದಿರಿನ ಚಂದ್ರಿಕೆ ರಿಪೇರಿ ಮಾಡ್ತೀನಿ, ಅದು ಅಟ್ಟದ ಮೇಲಿಂದ ನೋಡುತ್ತೆ, ಈಗೀಗ ಇಳಿದು ಬಂದು ಪಕ್ಕದಲ್ಲಿ ಕೂರುತ್ತೆ ಅಂತ. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ದೊಡ್ಡ ತಟ್ಟೆ. ನಾನು ಸಮಾಧಾನವಾಗೇ ಬಸ್ಸಿಳಿದು, ಹಿಪ್ಪುನೇರಳೆ ತೋಟದ ನಡುವೆ ನಡೆದುಕೊಂಡು ಹೋದೆ. ಊಟದ ಹೊತ್ತು ಮೀರಿತ್ತು. ವೆಂಕಟಮ್ಮ ಅಂಗಳದಲ್ಲಿ ನಿಂತಿದ್ದರು. ಮೊಣಕೈವರೆಗೆ ಸುಣ್ಣ. ನನ್ನ ಮುಖ ನೋಡಲಿಲ್ಲ.

"ಅಕ್ಕಾ, ನಿಮ್ಮ ಪಿಲ್ಲಿ ಹೊರಟೋಯ್ತು."

ಅವರು ನಡೆದದ್ದು ಹೇಳಿದರು. ಮಾರನೇ ದಿನ ಹೊಸ ಹುಳು ಬರೋದಿತ್ತು. ಹುಳು ಬರೋಕೆ ಮುಂಚೆ ಮನೆ ತೊಳೆದು, ಔಷಧಿ ಹೊಡೆದು, ಒಂದು ದಿನ ಮುಚ್ಚಿಡಲೇಬೇಕು. ಬೆಳಗ್ಗೆ ಬೆಲ್ಲವನ್ನು ಬುಟ್ಟಿಯಲ್ಲಿ ಅಡುಗೆಮನೆಗೆ ತಂದರು. ಮುಚ್ಚಳ ತೆಗೆದರೋ ಇಲ್ಲವೋ, ಅದು ಕಿಟಕಿಯಿಂದ ಹೊರಗೆ ಹಾರಿ ಕಾಣೆಯಾಯ್ತು. ನಾರಾಯಣಪ್ಪ ತೋಟವೆಲ್ಲ ಸುತ್ತಿ ಕೂಗಿ ಬಂದರು. "ಮುಳಬಾಗಿಲ ಕಡೆಗೇ ಹೋಗಿರ್ತದೆ, ಹಳೇ ಮನೆ ಹುಡುಕ್ಕೊಂಡು" ಅಂದರು ಅವರು.

ನಾನು ಹುಳು ಮನೆ ಕಡೆ ನೋಡಿದೆ. ಬಾಗಿಲು ಮುಚ್ಚಿತ್ತು. ಬಾಗಿಲ ಸಂದಿಗೆ, ಕಿಟಕಿ ಸಂದಿಗೆಲ್ಲ ಹಳೇ ಪೇಪರು ಅಂಟಿಸಿದ್ದರು. ಹೊಸ್ತಿಲಿಗೆ ಸುಣ್ಣದ ಗೆರೆ. ಅಷ್ಟು ದೂರಕ್ಕೇ ಔಷಧಿಯ ಘಾಟು ಬಂದು ಕಣ್ಣು ಉರಿಯಿತು.

"ಅದು ಕಿಟಕಿಯಿಂದ ಹಾರಿದಾಗ ಹುಳು ಮನೆ ಬಾಗಿಲು ತೆಗೆದಿತ್ತಾ?"

"ತೆಗೆದಿತ್ತು. ಒಳಗೆ ತೊಳೀತಿದ್ವಿ."

"ಆಮೇಲೆ?"

"ಆಮೇಲೆ ಚಂದ್ರಿಕೆಗಳನ್ನ ತೊಳೆಯೋಕೆ ಬಾವಿ ಹತ್ರ ಹೋದ್ವಿ. ಬಂದು ಎಲ್ಲಾ ಅಟ್ಟದ ಮೇಲೆ ಒಟ್ಟಿ, ಔಷಧಿ ಹೊಡೆದು ಮುಚ್ಚಿದ್ವಿ."

"ಒಟ್ಟೋಕೆ ಮುಂಚೆ ಅಟ್ಟದ ಮೂಲೆ ನೋಡಿದ್ರಾ?"

ವೆಂಕಟಮ್ಮನ ಕೈ ಬಾಯಿಗೆ ಹೋಯ್ತು, ಸುಣ್ಣ ತುಟಿಗೆ ಮೆತ್ತಿಕೊಂಡಿತು. ಹೆದರಿದರೆ ಗೊತ್ತಿರೋ ಕೋಣೆಗೇ ಹೋಗುತ್ತೆ ಅಂತ ನಾನೇ ಹೇಳಿದ್ದೆ. ಆ ಊರಿನಲ್ಲಿ ಅದಕ್ಕೆ ಗೊತ್ತಿದ್ದ ಕೋಣೆ ಅದೊಂದೇ.

"ಬಾಗಿಲು ತೆಗೀರಿ" ಅಂದೆ.

ನಾರಾಯಣಪ್ಪ ಅಡ್ಡ ಬಂದು ನಿಂತರು. ಕೆಟ್ಟ ಮನುಷ್ಯನಲ್ಲ, ಅವರ ಮುಖದಲ್ಲೂ ಭಯವೇ ಇತ್ತು. "ತೆಗೆದ್ರೆ ಬೆಳಗ್ಗಿಂದ ಮಾಡಿದ್ದೆಲ್ಲಾ ಮಣ್ಣುಪಾಲಮ್ಮ. ನಾಳೆ ಹುಳು ಬರ್ತವೆ. ಔಷಧಿ ಹಿಡೀದಿರೋ ಮನೇಲಿ ಬಿಟ್ರೆ ಹಾಲು ತೊಂಡೆ ರೋಗ ಬಂದು ಒಂದೂ ಉಳಿಯಲ್ಲ. ಹೋದ ಬೆಳೆ ಹಾಗೇ ಹೋಯ್ತು, ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿದೀನಿ. ಪಿಲ್ಲಿ ಒಳಗಿದೆ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಹೌದು ಅಂತ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಬಾಯಿ ಬರಲಿಲ್ಲ. "ಗೊತ್ತಿಲ್ಲ" ಅಂದೆ.

"ಮತ್ತೆ?"

ಗೋಡೆಗೆ ಕಿವಿ ಕೊಟ್ಟೆ. ಏನೂ ಇಲ್ಲ. ಹೆದರಿ ಅಡಗಿದ ಬೆಕ್ಕು ಪ್ರಾಣ ಹೋದರೂ ಕೂಗಲ್ಲ, ಸದ್ದು ಮಾಡದೆ ಮುದುರಿಕೊಳ್ಳುತ್ತೆ. ಅದು ನನಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಹೆದರಿಕೆ ಹೆಚ್ಚಾಯ್ತು. ಒಳಗಿದ್ದರೆ ಒಂದೊಂದು ಉಸಿರಿಗೂ ಅದರ ಎದೆ ಸುಡುತ್ತಿದೆ. ಇಲ್ಲದಿದ್ದರೆ ನಾನು ಈ ಸಂಸಾರದ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಅಳು ಬಂತು. ಅಂಗಳದಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಆಗ ವೆಂಕಟಮ್ಮ ಗಂಡನ ಕಡೆ ತಿರುಗಿ ಮೆಲ್ಲಗೇ ಹೇಳಿದರು. "ಅದು ಒಳಗೆ ಸತ್ತಿದ್ರೆ, ನಾಳೆ ಆ ಮನೇಲಿ ಹುಳುಗೆ ಸೊಪ್ಪು ಹಾಕೋಕೆ ನನಗೆ ಕೈ ಬರ್ತದಾ? ಇವತ್ತೊಂದು ಬೆಳೆ ಹೋದ್ರೆ ಹೋಗ್ತದೆ. ಆಮೇಲೆ ಜನ್ಮಪೂರ್ತಿ ಆ ಬಾಗಿಲು ತೆಗೆಯೋಕೆ ನನಗೆ ಭಯ ಆಗ್ತದೆ." ಅಷ್ಟು ಹೇಳಿ ಹೋಗಿ ಪೇಪರು ಕಿತ್ತರು. ನಾರಾಯಣಪ್ಪ ತಡೆಯಲಿಲ್ಲ. ತಾವೇ ಹೋಗಿ ಹೊರಗಿನಿಂದ ಕಿಟಕಿಗಳನ್ನು ತಳ್ಳಿದರು.

ಘಾಟು ಮುಖಕ್ಕೆ ಹೊಡೆಯಿತು. ಮೂವರೂ ಕೆಮ್ಮುತ್ತಾ ಹಿಂದೆ ಸರಿದೆವು. ನಾನು ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು, "ಬೆಲ್ಲಾ, ಬೆಲ್ಲಾ" ಅಂತ ಕರೆದೆ. ಧಾಮದಲ್ಲಿ ಊಟಕ್ಕೆ ಕರೆಯೋ ಹಾಗೆ ಸ್ಟೀಲ್ ಮುಚ್ಚಳ ಬಡಿದೆ. ಸದ್ದಿಲ್ಲ. ನಾರಾಯಣಪ್ಪ ನಿಟ್ಟುಸಿರು ಬಿಟ್ಟು ಕಟ್ಟೆ ಮೇಲೆ ಕೂತರು. ನಾನು ಅವರ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅಷ್ಟರಲ್ಲಿ ಅಟ್ಟದ ಮೇಲಿಂದ ಸಣ್ಣದಾಗಿ ಒಂದು ಸೀನು ಕೇಳಿತು.

ನಾನು ಕಾಲು ಎತ್ತಿಟ್ಟೆ. ವೆಂಕಟಮ್ಮ ತಡೆದು, ಓಡಿಹೋಗಿ ಚೊಂಬು ತಂದು ನನ್ನ ಕೈಗೂ ಕಾಲಿಗೂ ನೀರು ಹಾಕಿದರು. ಹೊರಗಿನವರು ಕೈಕಾಲು ತೊಳೆಯದೆ ಹುಳು ಮನೆಗೆ ಕಾಲಿಡಬಾರದು. ಅದರಲ್ಲೂ ನಾನು ಕಾಯಿಲೆ ಪ್ರಾಣಿಗಳ ನಡುವಿನಿಂದ ಬಂದವಳು, ಬೇರೆ ದಿನವಾಗಿದ್ದರೆ ಬಾಗಿಲಿಗೂ ಸೇರಿಸುತ್ತಿರಲಿಲ್ಲ. ಆ ಗಾಬರಿಯಲ್ಲೂ ಅವರ ಕೈ ಅದನ್ನು ಮರೆಯಲಿಲ್ಲ. "ಹೋಗಿ ಈಗ" ಅಂದರು.

ಏಣಿ ಹತ್ತಿದೆ. ಏಣಿ ಅಂದರೂ ನನಗೆ ಭಯ. ಒಟ್ಟಿದ ಚಂದ್ರಿಕೆಗಳ ಹಿಂದೆ, ಹೆಂಚಿನ ಮೂಲೆಯಲ್ಲಿ ಬೆಲ್ಲ ಇತ್ತು. ಕಣ್ಣು ಮುಚ್ಚಿ ನೀರು ಸುರಿಯುತ್ತಿತ್ತು. ಬಾಯಿ ತೆರೆದು ಉಸಿರಾಡುತ್ತಿತ್ತು, ನಾಲಗೆ ಹೊರಗೆ. ನನ್ನ ದನಿ ಕೇಳಿ ಇನ್ನೂ ಹಿಂದಕ್ಕೆ ಒತ್ತಿಕೊಂಡಿತು. ಕೈ ಚಾಚಿದರೆ ಬುಸ್ಸೆಂದಿತು. ಮೇಲೆ ಬುಟ್ಟಿ ತರೋಕೆ ಜಾಗವಿಲ್ಲ. ಕಾಯೋಕೆ ಹೊತ್ತಿಲ್ಲ, ನನ್ನ ಗಂಟಲೇ ಕಟ್ಟುತ್ತಿತ್ತು. ಕಾಯೋದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಇನ್ನೊಂದೇ.

"ಚೀಲ ಕೊಡಿ" ಅಂದೆ.

ನಾರಾಯಣಪ್ಪ ಸೊಪ್ಪು ತುಂಬೋ ಗೋಣಿಚೀಲ ಎಸೆದರು. ಬೆಲ್ಲದ ಕತ್ತಿನ ಹಿಂದಿನ ಚರ್ಮ ಹಿಡಿದು ಎಳೆದೆ. ಉಗುರು ಹೆಂಚಿಗೆ ಕಚ್ಚಿಕೊಂಡಿತ್ತು, ಬಿಡಿಸಿದೆ. ಚೀಲ ಮುಖಕ್ಕೆ ತಾಗಿದಾಗ ಅದು ಒಂದು ಸಲ ಕೂಗಿತು. ಅಷ್ಟು ವರ್ಷದಲ್ಲಿ ಯಾವ ಬೆಕ್ಕಿನ ಬಾಯಲ್ಲೂ ಆ ಕೂಗು ಕೇಳಿರಲಿಲ್ಲ. ಅದೇ ಹೆಬ್ಬೆರಳ ಬುಡಕ್ಕೆ ಮತ್ತೆ ಕಚ್ಚಿತು. ನಾನು ಬಿಡಲಿಲ್ಲ. ತುಂಬಿ, ಬಾಯಿ ಹಿಡಿದು ಇಳಿದೆ.

ಅಂಗಳದಲ್ಲಿ ಚೀಲ ಸ್ವಲ್ಪ ಬಿಚ್ಚಿ ಕಣ್ಣಿಗೆ ತಣ್ಣೀರು ಹಾಕಿದೆವು, ಹಾಕುತ್ತಲೇ ಇದ್ದೆವು. ನಾರಾಯಣಪ್ಪ ಊರಿನ ಆಟೋ ಕರೆತಂದರು. ಧಾಮ ತಲುಪೋವರೆಗೆ ನಾನು ಚೀಲದ ಮೇಲೆ ಕೈ ಇಟ್ಟುಕೊಂಡು, ಉಸಿರು ಆಡುತ್ತಿದೆಯಾ, ನಿಂತಿತಾ ಅಂತ ನೋಡುತ್ತಿದ್ದೆ. ಮೇಜಿನ ಮೇಲೆ ಇಟ್ಟಾಗ ಬಿಚ್ಚೋಕೆ ನನ್ನ ಕೈ ಬರಲಿಲ್ಲ. ಹಳೇದು ನೆನಪಾಯ್ತು. ಡಾಕ್ಟ್ರೇ ಬಿಚ್ಚಿದರು. ಚೀಲ ನೋಡಿದರು, ನನ್ನ ನೋಡಿದರು, ಬೈಯಲಿಲ್ಲ. "ಜೀವ ಇದೆ. ನೀನು ಹೋಗು, ಮೊದಲು ಆ ಕೈಗೆ ಸೂಜಿ ಹಾಕಿಸ್ಕೋ" ಅಂದರು.

ಬೆಲ್ಲ ಉಳಿಯಿತು. ಎಡಗಣ್ಣಿಗೆ ಹಾಲು ಚೆಲ್ಲಿದ ಹಾಗೆ ಪೊರೆ ಬಂತು. ಕೆಮ್ಮು ನಿಲ್ಲೋಕೆ ಬಹಳ ದಿನ ಬೇಕಾಯ್ತು. ಆದರೆ ಅದು ನನ್ನ ಹತ್ತಿರ ಬರೋದು ನಿಂತೇ ಹೋಯ್ತು. ನಾನು ಕೋಣೆಗೆ ಕಾಲಿಟ್ಟರೆ ಗೋಡೆ ಕಡೆ ಮುಖ ಮಾಡಿ ನಡುಗುತ್ತಿತ್ತು. ನಾನು ಹೊರಗೆ ಹೋದ ಮೇಲೆ, ಬೇರೆಯವರು ಇಟ್ಟ ಊಟ ತಿನ್ನುತ್ತಿತ್ತು. ಮಡಿಲಲ್ಲಿ ಮಲಗುತ್ತಿದ್ದ ಜೀವ ಅದು. ನನಗೆ ತುಂಬ ನೋವಾಯ್ತು. ಪ್ರಾಣ ಉಳಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು, ಅದಕ್ಕೆ ಗೊತ್ತಿದ್ದದ್ದು ಚೀಲ ಮಾತ್ರ.

ವೆಂಕಟಮ್ಮ ಬಂದರು. ಹುಳು ತರುವವರಿಗೆ ಕೈಮುಗಿದು ಒಂದು ದಿನ ತಡ ಮಾಡಿಸಿಕೊಂಡು, ಮತ್ತೆ ಔಷಧಿ ಹೊಡೆದಿದ್ದರಂತೆ. ಬೆಳೆ ಹಾಗೂ ಹೀಗೂ ನಿಂತಿತ್ತು. ಪಂಜರದಿಂದ ದೂರದಲ್ಲೇ ನಿಂತು, "ಇನ್ನೂ ನನಗೆ ಕೊಡ್ತೀರಾ ಅಕ್ಕಾ?" ಅಂದರು. ಕೊಡೋದು ಬೇಡ ಅಂತಲೇ ನನಗೆ ಅನ್ನಿಸಿತು. "ನಿಮಗೆ ಭಯ ಆಗಲ್ವಾ?" ಅಂದೆ. "ಆಗ್ತದೆ. ಹುಳು ಮನೆ ಬೀಗ ಹಾಕೋಕೆ ಮುಂಚೆ ಈಗ ಎರಡು ಸಲ ಅಟ್ಟ ಹತ್ತಿ ನೋಡ್ತೀನಿ. ನಮ್ಮ ಮನೆಯವರು ಅಡುಗೆಮನೇಲಿ ಅದಕ್ಕೆ ಅಂತ ಹಲಗೆ ಹೊಡೆದಿದ್ದಾರೆ, ಒಲೆ ಮೇಲ್ಗಡೆ, ಬೆಚ್ಚಗಿರ್ತದೆ." ಭಯ ಇರುವವರ ಕೈಗೇ ಕೊಡಬೇಕು ಅಂತ ಕೊಟ್ಟೆ. ಈ ಸಲ ಬುಟ್ಟಿಯ ಮುಂದೆ ನಾನು ಕೂರಲಿಲ್ಲ, ಅವರು ಕೂತರು. ಬೆಲ್ಲ ತಾನಾಗೇ ಒಳಗೆ ಹೋಯ್ತು.

ನಾನು ನಿವೃತ್ತಳಾದೆ. ಹಾರ ಹಾಕಿದರು, ಫೋಟೋ ತೆಗೆದರು, ಅದೆಲ್ಲ ಬಿಡಿ. ಹುತ್ತೂರು ಕಡೆಗೆ ಹೋಗೋಕೆ ಮಾತ್ರ ಕಾಲು ಬರಲಿಲ್ಲ. ಫೋನಿನಲ್ಲಿ ವೆಂಕಟಮ್ಮ ಊಟ ಮಾಡ್ತದೆ, ಇಲಿ ಹಿಡೀತದೆ ಅಂದರೂ ನನಗೆ ಮಾಲೂರಿನ ಸೋಫಾ ನೆನಪಾಗುತ್ತಿತ್ತು. ಹೋದಾಗ ಇಲ್ಲದಿದ್ದರೆ? ಕೊನೆಗೆ ಕೃಷ್ಣಪ್ಪನವರೇ, "ದಿನಾ ಇಲ್ಲಿ ಕೂತು ಹೆದರೋ ಬದಲು ಅಲ್ಲೇ ಹೋಗಿ ಹೆದರ್ಕೋ" ಅಂತ ಬಸ್ಸು ಹತ್ತಿಸಿದರು.

ನಾನು ಹೋದ ದಿನ ಅಂಗಳದ ತುಂಬ ಹೆಂಗಸರು ಕೂತು ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸುತ್ತಿದ್ದರು. ಸೊಪ್ಪಿನ ಚೀಲಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಆ ಗೋಣಿಚೀಲಗಳ ಮೇಲೆ, ಬಿಸಿಲಿಗೆ ಹೊಟ್ಟೆ ತೋರಿಸಿಕೊಂಡು, ಬೆಲ್ಲ ಮಲಗಿತ್ತು. ದಪ್ಪಗಾಗಿತ್ತು. ನಾನು ಸದ್ದು ಮಾಡದೆ ನಿಂತೆ. ಗಾಳಿ ನನ್ನ ಕಡೆಯಿಂದ ಬೀಸಿರಬೇಕು. ತಲೆ ಎತ್ತಿ, ಒಳ್ಳೇ ಕಣ್ಣನ್ನು ನನ್ನ ಕಡೆ ತಿರುಗಿಸಿತು. ಗುರುತು ಹಿಡಿಯಿತು. ಕಿವಿ ಹಿಂದಕ್ಕೆ ಹೋಯ್ತು, ಬೆನ್ನ ಕೂದಲು ನೆಟ್ಟಗಾಯ್ತು.

ಮನೆ ನನ್ನ ಬೆನ್ನ ಹಿಂದಿತ್ತು. ಬೆಲ್ಲದ ಹಿಂದೆ ತೋಟದ ಕಡೆಯ ಬೇಲಿ ಬಾಗಿಲು ಪೂರಾ ತೆರೆದಿತ್ತು. ಬೇಲಿಯಾಚೆ ಹಿಪ್ಪುನೇರಳೆ ತೋಟ, ತೋಟದಾಚೆ ರಸ್ತೆ. ಯಾಕೆ ಬಂದೆನೋ ಅಂದುಕೊಂಡೆ.

ಬೆಲ್ಲ ಚೀಲದಿಂದ ಹಾರಿತು. ನಾನು ನಿಂತ ಕಡೆಗೇ ಬಂತು, ನನ್ನ ಕಾಲಿನ ಪಕ್ಕದಲ್ಲೇ ನುಗ್ಗಿ, ಗೂಡಿನ ರಾಶಿ ತುಳಿದು, ವೆಂಕಟಮ್ಮನ ತೊಡೆ ಮೇಲಿಂದ ಹಾರಿ, ಹೊಸ್ತಿಲು ದಾಟಿ, ಮನೆಯೊಳಗೆ ಓಡಿತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯ್ತು. ಒಲೆ ಮೇಲಿನ ಹಲಗೆ ಹತ್ತಿತ್ತು ಅಂತ ಆಮೇಲೆ ಗೊತ್ತಾಯ್ತು.

ವೆಂಕಟಮ್ಮ ನಾಚಿಕೊಂಡು ಎದ್ದು ಬಂದರು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಇಷ್ಟು ದೂರದಿಂದ ಬಂದಿದ್ದೀರ. ನಿಮ್ಮನ್ನ ಕಂಡ್ರೆ ಇನ್ನೂ ಹೆದರ್ತದೆ."

ನನ್ನ ಕಣ್ಣು ತುಂಬಿತ್ತು, ಅವರು ಅದನ್ನು ತಪ್ಪು ತಿಳಿದರು. ಕುಡಿಯೋಕೆ ನೀರು ಕೇಳಿದೆ. ಲೋಟ ತುಂಬ ಕೊಟ್ಟರು, ಒಂದೇ ಗುಟುಕಿಗೆ ಕುಡಿದೆ.

"ಹೆದರಲಿ ಬಿಡಿ ವೆಂಕಟಮ್ಮಾ" ಅಂದೆ. "ಒಳಗೆ ಓಡಿತಲ್ಲ."